ನಾವು ಬರೋತನಕ ಗಾಡಿ ಚಾಲೂ ಮಾಡಬ್ಯಾಡ್ರಿ

ಸಿಂಧನೂರಿನಲ್ಲೋ ಮಸ್ಕಿಯಲ್ಲೋ ಮನೆ ಮುಂದಿನ ಕಾರನ್ನು ಮಾರಲು ಇಟ್ಟವರಿಗೆ ಬರುವ ಫೋನುಗಳಲ್ಲಿ ಮೊದಲ ಪ್ರಶ್ನೆ ಬೆಲೆಯದು, ಎರಡನೆಯದು ಎಷ್ಟು ಕಿಲೋಮೀಟರ್ ಓಡಿದೆ ಎಂಬುದು. ಅಪರೂಪಕ್ಕೊಬ್ಬರು ಬೇರೆ ಥರ ಮಾತಾಡುತ್ತಾರೆ: "ನಾಳೆ ಮುಂಜಾನೆ ಬರ್ತೀವ್ರಿ. ನಾವು ಬರೋತನಕ ಗಾಡಿ ಚಾಲೂ ಮಾಡಬ್ಯಾಡ್ರಿ. ಜತಿಗೆ ನಮ್ಮ ಮಿಸ್ತ್ರಿ ಇರ್ತಾನ." ಈ ಮಾತು ಕೇಳಿದ ಮಾಲೀಕರಲ್ಲಿ ಬಹಳ ಮಂದಿಗೆ ಸಿಟ್ಟು ಬರುತ್ತದೆ. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲವೇ, ನಾನೇನು ಮೋಸ ಮಾಡುವವನೇ ಎಂದುಕೊಂಡು ಆ ಗಿರಾಕಿಯನ್ನು ಅಲ್ಲೇ ಬಿಟ್ಟುಬಿಡುವವರೂ ಇದ್ದಾರೆ. ಕೈಗೆ ಬಂದ ಒಳ್ಳೆಯ ಗಿರಾಕಿ ಹೀಗೆ ಹೋಗುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇದೇ ಸೀಮೆಯ ಎತ್ತಿನ ಸಂತೆಯಲ್ಲಿ ಕೊಳ್ಳುವವನು ಎತ್ತಿನ ಬಾಯಿ ತೆರೆಸಿ ಹಲ್ಲು ಎಣಿಸಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಎರಡು ವರ್ಷದ ಆಸುಪಾಸಿನಲ್ಲಿ ಮೊದಲ ಜೋಡಿ ಹಾಲುಹಲ್ಲು ಬಿದ್ದು ಕಾಯಂ ಹಲ್ಲು ಬರುತ್ತದೆ, ನಾಲ್ಕೂವರೆ ಐದು ವರ್ಷದ ಹೊತ್ತಿಗೆ ಎಂಟೂ ಹಲ್ಲು ತುಂಬಿ ಬಾಯಿ ಕೂಡುತ್ತದೆ. ಮಾರುವವನು ವಯಸ್ಸು ಎಷ್ಟೇ ಹೇಳಲಿ, ಹಲ್ಲು ತನ್ನ ಲೆಕ್ಕ ತಾನು ಹೇಳುತ್ತದೆ. ಹಲ್ಲು ನೋಡಿ, ನಡೆಸಿ ನೋಡಿ, ನೊಗ ಹೂಡಿ ನೋಡಿ ಆದಮೇಲೆಯೇ ದಲ್ಲಾಳಿಯ ಟವೆಲ್ಲಿನ ಕೆಳಗೆ ಬೆರಳಿನ ವ್ಯಾಪಾರ. ಕಾರಿನ ವಿಷಯದಲ್ಲೂ ಕೊಳ್ಳುವವನು ಕೇಳುತ್ತಿರುವುದು ಇಷ್ಟನ್ನೇ. ಅವನ ಒಂದೊಂದು ಬೇಡಿಕೆಯೂ ಲೋಹಕ್ಕೆ, ಎಣ್ಣೆಗೆ, ನೀರಿಗೆ ಹಾಕಿದ ಪ್ರಶ್ನೆ. ಆ ಪ್ರಶ್ನೆ ಏನೆಂದು ತಿಳಿದ ಮಾಲೀಕ ಯಾವುದಕ್ಕೆ ಆಗಲಿ ಎನ್ನಬೇಕು, ಯಾವುದಕ್ಕೆ ಬೇಡ ಎನ್ನಬೇಕು ಎಂದು ತಾನೇ ತೀರ್ಮಾನಿಸಬಲ್ಲ.

ಮೊದಲು, ಚಾಲೂ ಮಾಡಬೇಡಿ ಎಂದದ್ದು ಏಕೆ? ಒಂದು ರಾತ್ರಿ ನಿಂತ ಎಂಜಿನ್‌ನಲ್ಲಿ ಮೇಲಿನ ಭಾಗಗಳಿಗೆ ಹತ್ತಿದ್ದ ಎಣ್ಣೆ ಇಳಿದು ತಳದ ಸಂಪ್ ಸೇರಿರುತ್ತದೆ. ಪಿಸ್ಟನ್ ತಣಿದು ಕುಗ್ಗಿರುತ್ತದೆ. ಪಿಸ್ಟನ್ ಅಲ್ಯೂಮಿನಿಯಂನದು, ಅದು ಓಡಾಡುವ ಬೋರ್ ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ಒಂದೇ ಪ್ರಮಾಣದ ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ತಣ್ಣಗಿರುವಾಗ ಇವೆರಡರ ನಡುವಿನ ಸಂದು ಅತಿ ಹೆಚ್ಚು. ಸವೆದ ಎಂಜಿನ್ ತನ್ನ ಸವಕಳಿಯನ್ನು ಬಚ್ಚಿಡಲಾಗದ ಗಳಿಗೆ ಅದು. ವಾಲ್ವ್ ದಂಡದ ಸುತ್ತಲಿನ ರಬ್ಬರ್ ಸೀಲ್ ವರ್ಷಗಳ ಕಾವಿಗೆ ಗಟ್ಟಿಯಾಗಿ ಬಿರಿದಿದ್ದರೆ ರಾತ್ರಿಯಿಡೀ ಎಣ್ಣೆ ಹನಿಹನಿಯಾಗಿ ಸಿಲಿಂಡರಿಗೆ ಇಳಿದಿರುತ್ತದೆ. ಕೀಲಿ ತಿರುವಿದ ಕೂಡಲೇ ಆ ಎಣ್ಣೆ ಸುಟ್ಟು ಒಂದು ಬುಗ್ಗೆ ನೀಲಿ ಹೊಗೆ ಬಂದು, ಅರ್ಧ ನಿಮಿಷದಲ್ಲಿ ಮಾಯವಾಗುತ್ತದೆ. ಹತ್ತು ನಿಮಿಷ ಮೊದಲೇ ಚಾಲೂ ಮಾಡಿಟ್ಟರೆ ಈ ಸಾಕ್ಷಿ ಸಿಗುವುದಿಲ್ಲ. ಗಿರಾಕಿ ಬಂದವನೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಬಿಸಿ ನೋಡುವುದು ಇದಕ್ಕಾಗಿ.

ಹೊಗೆಯ ಬಣ್ಣದ ಹಿಂದೆ ಒಂದು ಸೊಗಸಾದ ಭೌತವಿಜ್ಞಾನ ಇದೆ. ಸುಟ್ಟ ಎಣ್ಣೆ ಬಹಳ ಸಣ್ಣ ಹನಿಗಳಾಗಿ ಹೊರಬರುತ್ತದೆ. ಬೆಳಕಿನ ತರಂಗದ ಉದ್ದಕ್ಕಿಂತ ಚಿಕ್ಕದಾದ ಕಣಗಳು ನೀಲಿ ಬೆಳಕನ್ನು ಕೆಂಪಿಗಿಂತ ಬಹಳ ಹೆಚ್ಚಾಗಿ ಚದುರಿಸುತ್ತವೆ. ಆಕಾಶ ನೀಲಿಯಾಗಿ ಕಾಣುವುದಕ್ಕೂ ಇದೇ ಕಾರಣ. ನೀರಿನ ಆವಿ ತಣಿದು ಆಗುವ ಹನಿಗಳು ಇದಕ್ಕಿಂತ ದೊಡ್ಡವು, ಎಲ್ಲ ಬಣ್ಣಗಳನ್ನೂ ಸಮನಾಗಿ ಚದುರಿಸಿ ಬಿಳಿಯಾಗಿ ಕಾಣುತ್ತವೆ. ಪೂರ್ತಿ ಉರಿಯದ ಇಂಧನದ ಮಸಿ ಬೆಳಕನ್ನು ನುಂಗುತ್ತದೆ, ಅದಕ್ಕೆ ಕಪ್ಪು. ನೀಲಿ ಎಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಎಂದರೆ ಇಂಧನ ಹೆಚ್ಚು, ಇಲ್ಲವೆ ಗಾಳಿ ಕಡಿಮೆ. ಎಂಜಿನ್ ಕಾದ ಮೇಲೂ ನಿಲ್ಲದ ದಟ್ಟ ಬಿಳಿ ಎಂದರೆ ಕೂಲಂಟ್ ಸಿಲಿಂಡರಿಗೆ ನುಗ್ಗುತ್ತಿರಬಹುದು. ಚಳಿಗಾಲದ ಮುಂಜಾನೆಯ ಒಂದು ನಿಮಿಷದ ತೆಳು ಬಿಳಿ ಆವಿಗೆ ಮಾತ್ರ ಹೆದರಬೇಕಾಗಿಲ್ಲ. ಪೆಟ್ರೋಲ್ ಉರಿದಾಗ ನೀರು ಹುಟ್ಟುವುದು ರಸಾಯನಶಾಸ್ತ್ರದ ನಿಯಮ, ಅದು ತಣ್ಣನೆಯ ಕೊಳವೆಯಲ್ಲಿ ಸಾಂದ್ರವಾಗುತ್ತದೆ ಅಷ್ಟೇ.

ಇಷ್ಟಾದ ಮೇಲೆ ಜಾಣ ಗಿರಾಕಿ ಇನ್ನೊಂದು ಕೇಳುತ್ತಾನೆ: ಚೆನ್ನಾಗಿ ಕಾಯುವತನಕ ಓಡಿಸೋಣ. ಇದಕ್ಕೂ ಕಾರಣವಿದೆ. ಸಾಮಾನ್ಯವಾಗಿ ಬಳಸುವ 15ಡಬ್ಲ್ಯೂ-40 ಎಣ್ಣೆಯ ಸ್ನಿಗ್ಧತೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, 40 ಡಿಗ್ರಿಯಲ್ಲಿದ್ದುದರ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ತಣ್ಣಗೆ ಮಂದವಾಗಿದ್ದಾಗ ಸವೆದ ಬೇರಿಂಗಿನ ಸಂದನ್ನು ತುಂಬಿ ಸದ್ದಡಗಿಸಿದ್ದ ಎಣ್ಣೆ, ಕಾದು ನೀರಾದ ಮೇಲೆ ಆ ಕೆಲಸ ಮಾಡಲಾರದು. ಕೆಳಗಿನಿಂದ ಟಕಟಕ ಶುರುವಾಗುತ್ತದೆ. ಸೀಲಿನ ದೋಷಕ್ಕೆ ತಣ್ಣನೆಯ ಸಾಕ್ಷಿ, ಬೇರಿಂಗಿನ ದೋಷಕ್ಕೆ ಬಿಸಿಯ ಸಾಕ್ಷಿ. ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಹಗಲು 40 ಡಿಗ್ರಿ ದಾಟುತ್ತದೆ, ಆ ದಿನಗಳಲ್ಲಿ ಮಧ್ಯಾಹ್ನದ ಓಡಾಟ ಎಂಜಿನ್ನಿಗೂ ಏಸಿಗೂ ಕಠಿಣವಾದ ಪರೀಕ್ಷೆ. ಗಾಡಿ ಸರಿ ಇದೆ ಎಂಬ ಧೈರ್ಯವಿದ್ದ ಮಾಲೀಕ ಈ ಎರಡನ್ನೂ ಕೇಳುವ ಮೊದಲೇ ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಏಕೆ ತೋರಿಸಬೇಕು ಎಂಬುದಕ್ಕೆ ಉತ್ತರ ಎಂಜಿನ್ನಿನಲ್ಲಿಲ್ಲ, ಅರ್ಥಶಾಸ್ತ್ರದಲ್ಲಿದೆ. 1970ರಲ್ಲಿ ಜಾರ್ಜ್ ಅಕೆರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಹಳೆಯ ಕಾರುಗಳ ಮಾರುಕಟ್ಟೆಯ ಮೇಲೆ ಒಂದು ಸಣ್ಣ ಪ್ರಬಂಧ ಪ್ರಕಟಿಸಿದರು. ಅದಕ್ಕೆ ಮೊದಲು ಮೂರು ಪತ್ರಿಕೆಗಳು ಅದನ್ನು ತಿರಸ್ಕರಿಸಿದ್ದವು. 2001ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಪ್ರಬಂಧ ಪ್ರಕಟವಾಗುವ ಮೊದಲು, 1967–68ರಲ್ಲಿ, ಅವರು ದೆಹಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದ್ದರು. ಪ್ರಬಂಧದಲ್ಲಿ ನಮ್ಮ ಹಳ್ಳಿಯ ಲೇವಾದೇವಿಗಾರನೂ ಬರುತ್ತಾನೆ: ಯಾರು ಸಾಲ ತೀರಿಸುವವರು ಎಂದು ಅವನಿಗೆ ಗೊತ್ತು, ಹೊರಗಿನಿಂದ ಬಂದು ಕಡಿಮೆ ಬಡ್ಡಿಗೆ ಕೊಡುವವನಿಗೆ ಗೊತ್ತಿಲ್ಲ, ಹಾಗಾಗಿ ಹೊರಗಿನವನು ಮುಳುಗುತ್ತಾನೆ.

ಅವರ ವಾದವನ್ನು ನಮ್ಮ ಊರಿಗೆ ತಂದು ನೋಡೋಣ. ಲಿಂಗಸುಗೂರಿನಲ್ಲಿ ಒಂದೇ ಮಾಡೆಲ್ಲಿನ, ಒಂದೇ ವರ್ಷದ ಮೂರು ಕಾರು ಮಾರಾಟಕ್ಕಿವೆ ಎನ್ನಿ. ನಿಜವಾಗಿ ಒಂದಕ್ಕೆ 4 ಲಕ್ಷ ಬೆಲೆ, ಇನ್ನೊಂದಕ್ಕೆ 3, ಮತ್ತೊಂದಕ್ಕೆ 2. ಯಾವುದು ಯಾವುದೆಂದು ಮಾಲೀಕರಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಅವನು ಸರಾಸರಿ ಹಿಡಿದು 3 ಲಕ್ಷ ಎನ್ನುತ್ತಾನೆ. 4 ಲಕ್ಷದ ಕಾರಿನವನು ಈ ಬೆಲೆಗೆ ಕೊಡಲಾರೆ ಎಂದು ಹಿಂದೆ ಸರಿಯುತ್ತಾನೆ. ಉಳಿದ ಎರಡರ ಸರಾಸರಿ ಎರಡೂವರೆ. ಈಗ 3 ಲಕ್ಷದವನೂ ಎದ್ದು ಹೋಗುತ್ತಾನೆ. ಕೊನೆಗೆ ಸಂತೆಯಲ್ಲಿ ಉಳಿಯುವುದು ಎಲ್ಲಕ್ಕಿಂತ ಕೆಟ್ಟ ಗಾಡಿ. ಯಾರೂ ಯಾರಿಗೂ ಸುಳ್ಳು ಹೇಳಿಲ್ಲ. ಒಬ್ಬನಿಗೆ ಗೊತ್ತಿದ್ದುದು ಇನ್ನೊಬ್ಬನಿಗೆ ಗೊತ್ತಾಗಲು ದಾರಿ ಇರಲಿಲ್ಲ, ಅಷ್ಟರಿಂದಲೇ ಒಳ್ಳೆಯ ಗಾಡಿಗೆ ಬೆಲೆ ಸಿಗದೆ ಹೋಯಿತು.

ಆ ದಾರಿಯೇ ತಪಾಸಣೆ. ಒಳ್ಳೆಯ ಗಾಡಿಯ ಮಾಲೀಕನಿಗೆ ಅದರಿಂದ ಆಗುವ ಖರ್ಚು ಒಂದು ಮುಂಜಾನೆ ಮತ್ತು ಒಂದಿಷ್ಟು ಪೆಟ್ರೋಲ್. ಕೆಟ್ಟ ಗಾಡಿಯ ಮಾಲೀಕನಿಗೆ ಅದರ ಬೆಲೆ ಒಂದು ಲಕ್ಷ. 1981ರಲ್ಲಿ ಸ್ಯಾನ್‌ಫರ್ಡ್ ಗ್ರಾಸ್‌ಮನ್ ಮತ್ತು ಪಾಲ್ ಮಿಲ್‌ಗ್ರೋಮ್ ಬೇರೆ ಬೇರೆಯಾಗಿ ಇದನ್ನು ಇನ್ನೂ ಮುಂದೆ ಒಯ್ದರು. ಪರೀಕ್ಷಿಸಿ ತಿಳಿಯಬಹುದಾದ ಸಂಗತಿಯನ್ನು ಮಾರುವವನು ತೋರಿಸದೆ ಇದ್ದರೆ, ತಿಳಿವಳಿಕೆಯುಳ್ಳ ಗಿರಾಕಿ ಅದನ್ನು ಅತಿ ಕೆಟ್ಟದ್ದೆಂದೇ ಎಣಿಸುತ್ತಾನೆ ಎಂದು ಅವರು ಗಣಿತದಿಂದ ತೋರಿಸಿದರು. ಮುನಿಸಿಕೊಂಡು ಬೇಡ ಎಂದ ಪ್ರಾಮಾಣಿಕ ಮಾಲೀಕನೂ, ಬಚ್ಚಿಡಲು ಬೇಡ ಎಂದ ಮೋಸಗಾರನೂ ಕೊಳ್ಳುವವನ ಕಣ್ಣಿಗೆ ಒಂದೇ. ಇನ್ನೊಂದು ಅಧ್ಯಯನವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದು ನಮ್ಮ ಕಡೆ ಎಲ್ಲೆಲ್ಲೂ ಕಾಣುವ ಪಿಕಪ್ ಗಾಡಿಗಳ ಮೇಲಿನದು. 1982ರಲ್ಲಿ ಎರಿಕ್ ಬಾಂಡ್ ಅಮೆರಿಕದ ಪಿಕಪ್‌ಗಳ ದುರಸ್ತಿಯ ಮಾಹಿತಿ ತೆಗೆದು, ಕೈ ಬದಲಾದ ಗಾಡಿಗಳನ್ನು ಮೊದಲ ಮಾಲೀಕರ ಬಳಿಯೇ ಉಳಿದ ಗಾಡಿಗಳೊಂದಿಗೆ ಹೋಲಿಸಿದರು. ಮಾರಿದವು ಹೆಚ್ಚು ಕೆಟ್ಟಿರಲಿಲ್ಲ. ಅಕೆರ್ಲಾಫ್ ಹೇಳಿದ ಕುಸಿತ ಅಲ್ಲಿ ಆಗಿರಲಿಲ್ಲ. ದುಡಿಯುವ ಗಾಡಿ ಕೊಳ್ಳುವವರು ಕೂಲಂಕಷವಾಗಿ ನೋಡಿ ಕೊಳ್ಳುತ್ತಾರೆ ಎಂಬುದು ಇದಕ್ಕೆ ಒಂದು ಕಾರಣವಿರಬೇಕೆಂದು ನನಗೆ ತೋರುತ್ತದೆ.

ಮತ್ತೆ ತಪಾಸಣೆಗೆ ಬರೋಣ. ಲಿಂಗಸುಗೂರಿನಿಂದ ಮಸ್ಕಿ ಹಾದು ಸಿಂಧನೂರಿಗೆ ಬರುವ ಹೆದ್ದಾರಿಯ ಎರಡೂ ಬದಿಯ ನೆಲ ಈ ಭಾಗದ ಗಾಡಿಗಳ ಆಯುಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಒಂದು ಲೀಟರ್ ಪೆಟ್ರೋಲ್ ಸುಡಲು ಸುಮಾರು 11 ಕಿಲೋ ಗಾಳಿ ಬೇಕು. ಗಾತ್ರದಲ್ಲಿ ಹೇಳುವುದಾದರೆ 9,000 ಲೀಟರ್. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವಷ್ಟರಲ್ಲಿ ಕಾರು ಮೂವತ್ತು ಸಾವಿರ ಲೀಟರ್ ಗಾಳಿ ಎಳೆದಿರುತ್ತದೆ, ಅದರ ಜತೆ ಅದರಲ್ಲಿರುವ ದೂಳನ್ನೂ. ಸಿಂಧನೂರಿನ ಎರೆಮಣ್ಣಿನ ಜೇಡಿ ಮೃದುವಾದದ್ದು, ಅದೊಂದೇ ಆದರೆ ಎಂಜಿನ್ನಿಗೆ ಅಷ್ಟು ಹಾನಿಯಿಲ್ಲ. ಹಾನಿ ಮಾಡುವುದು ದೂಳಿನಲ್ಲಿ ಬೆರೆತ ಬೆಣಚಿನ ಕಣ. ಹಟ್ಟಿಯ ಗಣಿಯಲ್ಲಿ ಚಿನ್ನ ಹೊತ್ತಿರುವ ಅದೇ ಬೆಣಚು, ಮೋಸ್ ಗಡಸುತನದಲ್ಲಿ 7. ಬೋರಿನ ಕಬ್ಬಿಣ ಅದಕ್ಕಿಂತ ಮೆತ್ತಗೆ. ಏರ್ ಫಿಲ್ಟರ್ ಹರಿದಿದ್ದರೆ, ಇಲ್ಲವೆ ಅದರ ರಬ್ಬರ್ ಅಂಚು ಸರಿಯಾಗಿ ಕೂತಿಲ್ಲವಾದರೆ, ಈ ಕಣಗಳು ಪಿಸ್ಟನ್ ರಿಂಗನ್ನೂ ಬೋರನ್ನೂ ಉಜ್ಜಿ ತೆಗೆಯುತ್ತವೆ. ತಿಳಿದ ಮಿಸ್ತ್ರಿ ಫಿಲ್ಟರ್ ತೆಗೆದು, ಅದರ ಆಚೆಯ ಕೊಳವೆಯೊಳಗೆ ಬೆರಳಾಡಿಸಿ ನೋಡುತ್ತಾನೆ. ಫಿಲ್ಟರ್ ಕೊಳೆಯಾಗಿದ್ದರೆ ಅದು ತನ್ನ ಕೆಲಸ ಮಾಡಿದೆ ಎಂದರ್ಥ. ಅದರಾಚೆ ದೂಳು ಸಿಕ್ಕರೆ ಮಾತ್ರ ಗಂಭೀರ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು, ಏನೂ ಹಾಳಾಗದು, ಬೇಡ ಎನ್ನಲು ಕಾರಣವೇ ಇಲ್ಲ. ಎಣ್ಣೆ ತುಂಬುವ ಮುಚ್ಚಳ ತೆಗೆದು ಎಂಜಿನ್ ಓಡಿಸುವುದೂ ಇದೇ ರೀತಿಯದು: ರಿಂಗ್ ಸವೆದಿದ್ದರೆ ಸುಟ್ಟ ಅನಿಲ ಕೆಳಗೆ ನುಸುಳಿ ಅಲ್ಲಿಂದ ಬುಸುಬುಸು ಎಂದು ಹೊರಬರುತ್ತದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಡೀಸೆಲ್ ಗಾಡಿಯ ಎಣ್ಣೆ ಕಪ್ಪಗಿದೆ ಎಂದು ಗಿರಾಕಿ ಬೆಲೆ ಇಳಿಸಲು ಬಂದರೆ ಮಾಲೀಕ ಅಂಜಬೇಕಿಲ್ಲ. ಹೊಸ ಎಣ್ಣೆ ಹಾಕಿದ ಸ್ವಲ್ಪ ದಿನಕ್ಕೇ ಡೀಸೆಲ್ಲಿನ ಮಸಿ ಅದನ್ನು ಕಪ್ಪು ಮಾಡುತ್ತದೆ.

ಇನ್ನು ನೀರು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ರೇಡಿಯೇಟರಿಗೆ ಕೂಲಂಟ್ ಬದಲು ಅದನ್ನೇ ತುಂಬಿಸಿಕೊಂಡು ಬಂದ ಗಾಡಿಗಳು ಬಹಳ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಸುಣ್ಣದ ಕಾರ್ಬೊನೇಟ್ ಆಗಿ ಕೂರುತ್ತದೆ, ಅದೂ ಎಲ್ಲಿ ಅತಿ ಬಿಸಿಯೋ ಅಲ್ಲಿ ಮೊದಲು. ಅಂದರೆ ಸಿಲಿಂಡರ್ ಹೆಡ್ಡಿನ ಒಳಗೋಡೆಗೆ, ತಂಪು ಅತಿ ಹೆಚ್ಚು ಬೇಕಾದ ಜಾಗಕ್ಕೇ. ಈ ಪದರ ಶಾಖವನ್ನು ಸಾಗಿಸುವುದು ಅಲ್ಯೂಮಿನಿಯಂಗಿಂತ ಹತ್ತಾರು ಪಟ್ಟು ಕಡಿಮೆ. ಮೀಟರಿನ ಮುಳ್ಳು ಸರಿಯಾಗಿಯೇ ತೋರಿಸುತ್ತಿರುವಾಗಲೂ ಹೆಡ್ಡಿನ ಒಂದು ಮೂಲೆ ಸುಡುತ್ತಿರಬಹುದು. ಹಾಗಾಗಿ ಗಿರಾಕಿ ರೇಡಿಯೇಟರ್ ಮುಚ್ಚಳ ತೆಗೆಸಿ ಒಳಗೆ ನೋಡಬೇಕೆನ್ನುವುದು ನ್ಯಾಯವಾದ ಬೇಡಿಕೆ. ಬಣ್ಣದ ಕೂಲಂಟ್ ಕಂಡರೆ ಸಮಾಧಾನ, ತುಕ್ಕು ನೀರೋ ಬಿಳಿ ಹೆಕ್ಕಳಿಕೆಯೋ ಕಂಡರೆ ಅನುಮಾನ. ಆದರೆ ಇದನ್ನು ತಣ್ಣಗಿರುವಾಗ ಮಾತ್ರ ಮಾಡಬೇಕು, ಇಲ್ಲಿ ಮಾಲೀಕ ಗಟ್ಟಿಯಾಗಿ ನಿಲ್ಲಬೇಕು. ಮುಚ್ಚಳದ ಒತ್ತಡದಿಂದ ಒಳಗಿನ ನೀರು ಸುಮಾರು 120 ಡಿಗ್ರಿಯವರೆಗೂ ಕುದಿಯದೆ ನಿಂತಿರುತ್ತದೆ. ಬಿಸಿಯಲ್ಲಿ ಮುಚ್ಚಳ ತಿರುವಿದರೆ ಒತ್ತಡ ಇಳಿದು ಎಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಎರಚುತ್ತದೆ. ಓಡಿಸಿ ಬಂದ ಮೇಲೆ ಮುಚ್ಚಳ ತೆಗೆ ಎಂದು ಎಂಥ ಅನುಭವಿಯೇ ಹೇಳಲಿ, ತೆಗೆಯಬಾರದು. ಮೊದಲೇ, ಮುಂಜಾನೆಯೇ ನೋಡಿಕೊಳ್ಳಲಿ.

ಗಿರಾಕಿ ಬರುವ ಹಿಂದಿನ ದಿನ ಗಾಡಿ ತೊಳೆಯಬಹುದು, ತೊಳೆಯಬೇಕು. ಎರೆಮಣ್ಣು ನೀರು ಹೀರಿ ಉಬ್ಬಿ ಚಕ್ರದ ಕಮಾನಿನೊಳಗೆ ಗಟ್ಟಿಯಾಗಿ ಕೂತು ತೇವ ಹಿಡಿದಿಡುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದ. ಎಂಜಿನ್ ಕೋಣೆಗೆ ಮಾತ್ರ ಪ್ರೆಷರ್ ನೀರು ಹೊಡೆಸಬೇಡಿ. ವೈರಿನ ಜೋಡಣೆಗೆ ನೀರು ಹೋಗುತ್ತದೆ ಎಂಬುದು ಒಂದು. ಫಳಫಳ ಹೊಳೆಯುವ ಎಂಜಿನ್ ಕಂಡ ಮಿಸ್ತ್ರಿಗೆ ಎಣ್ಣೆ ಸೋರುವ ಗುರುತನ್ನು ಅಳಿಸಿದ್ದಾರೆ ಎಂಬ ಅನುಮಾನ ಬರುತ್ತದೆ ಎಂಬುದು ಇನ್ನೊಂದು.

ಬಣ್ಣದ ಪರೀಕ್ಷೆ ಸುಲಭ. ಕಾರ್ಖಾನೆಯ ಬಣ್ಣದ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಎರಡು ತಲೆಗೂದಲಿನಷ್ಟು. ಪೆಟ್ಟು ಬಿದ್ದು ಪುಟ್ಟಿ ತುಂಬಿದ ಜಾಗದಲ್ಲಿ ಅದು ಒಂದು ಮಿಲಿಮೀಟರ್ ದಾಟಬಹುದು. ಅಯಸ್ಕಾಂತದ ಸೆಳೆತ ದೂರ ಹೆಚ್ಚಿದಂತೆ ಬಹಳ ಬೇಗ ಇಳಿಯುವುದರಿಂದ, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವೊಂದೇ ಪುಟ್ಟಿಯನ್ನು ಪತ್ತೆ ಮಾಡುತ್ತದೆ. ಬಾಗಿಲಿಗೆ ಪೆಟ್ಟು ಬಿದ್ದು ರಿಪೇರಿ ಮಾಡಿಸಿದ್ದರೆ ಗಿರಾಕಿಗಳು ಕಂಡುಹಿಡಿಯುವ ಮೊದಲೇ ಹೇಳಿಬಿಡಿ. ಒಂದು ದೋಷವನ್ನು ತಾನಾಗಿ ಹೇಳಿದವನ ಉಳಿದ ಮಾತಿಗೆ ತೂಕ ಬರುತ್ತದೆ. ಟೈರಿನ ವಯಸ್ಸನ್ನೂ ಅವರು ಓದಿಯೇ ಓದುತ್ತಾರೆ: ಪಕ್ಕದ ಗೋಡೆಯ ನಾಲ್ಕು ಅಂಕಿ 2319 ಎಂದಿದ್ದರೆ 2019ರ 23ನೇ ವಾರ. ಮೀಟರ್ ಮೂವತ್ತು ಸಾವಿರ ಎಂದು, ಟೈರು ಎರಡನೇ ಸೆಟ್ಟು ಎಂದು ಹೇಳಿದರೆ ಲೆಕ್ಕ ತಾಳೆಯಾಗುವುದಿಲ್ಲ.

2013ರ ಏಪ್ರಿಲ್ ನಂತರದ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಒಬಿಡಿ ಕಿಂಡಿ ಇರುತ್ತದೆ. ಗಿರಾಕಿ ಅಂಗೈಯಗಲದ ಸ್ಕ್ಯಾನರ್ ತಂದು ಅದಕ್ಕೆ ಚುಚ್ಚಿ ದೋಷಗಳ ಕೋಡ್ ಓದಬೇಕೆಂದರೆ ಓದಲಿ. ಹಿಂದಿನ ದಿನ ಗ್ಯಾರೇಜಿಗೆ ಹೋಗಿ ಕೋಡ್ ಅಳಿಸಿಕೊಂಡು ಬಂದರೆ ಪ್ರಯೋಜನವಿಲ್ಲ. ಅಳಿಸಿದ ಮೇಲೆ ಗಾಡಿ ತನ್ನ ಸೆನ್ಸರುಗಳನ್ನು ಒಂದೊಂದಾಗಿ ಮತ್ತೆ ಪರೀಕ್ಷಿಸಿಕೊಳ್ಳಬೇಕು, ಆ ಪರೀಕ್ಷೆ ಮುಗಿದಿಲ್ಲ ಎಂಬುದೂ, ಬಹಳ ಕಾರುಗಳಲ್ಲಿ ಅಳಿಸಿದಂದಿನಿಂದ ಎಷ್ಟು ಕಿಲೋಮೀಟರ್ ಓಡಿದೆ ಎಂಬುದೂ ಅದೇ ಸ್ಕ್ಯಾನರಿನಲ್ಲಿ ಕಾಣುತ್ತದೆ. ಓದುವುದಕ್ಕೆ ಒಪ್ಪಿ, ಅಳಿಸುವುದಕ್ಕೆ, ಬದಲಿಸುವುದಕ್ಕೆ ಒಪ್ಪಬೇಡಿ.

ಬೇಡ ಎನ್ನಬೇಕಾದವು ಇನ್ನೂ ಕೆಲವು ಇವೆ. ಇಂಜೆಕ್ಟರ್ ಬಿಚ್ಚುವುದು, ಹೆಡ್ ತೆಗೆಯುವುದು, ಗೇರ್ ಬಾಕ್ಸ್ ಇಳಿಸುವುದು ತಪಾಸಣೆಯಲ್ಲ, ದುರಸ್ತಿ. ಸಿಲಿಂಡರಿನ ಕಂಪ್ರೆಷನ್ ಒತ್ತಡ ಅಳೆಯಬೇಕೆಂದರೆ ನೀವೂ ಒಪ್ಪುವ ಗ್ಯಾರೇಜಿನಲ್ಲಿ, ನಿಮ್ಮ ಕಣ್ಣೆದುರು, ಖರ್ಚು ಕೇಳಿದವರದು ಎಂಬ ಕರಾರಿನ ಮೇಲೆ ಆಗಲಿ. ಒಂದು ಸಿಲಿಂಡರಿನ ಒತ್ತಡ ಉಳಿದವಕ್ಕಿಂತ ಶೇಕಡಾ 10–15ಕ್ಕೂ ಹೆಚ್ಚು ಕಡಿಮೆ ಬಂದರೆ ಅನುಮಾನಕ್ಕೆ ಎಡೆಯಿದೆ. ಗಾಡಿಯನ್ನು ಒಂದು ರಾತ್ರಿ ಬಿಟ್ಟುಹೋಗಿ ಎಂದರೆ ಬೇಡ. ಮೂಲ ಆರ್‌ಸಿ ಕೊಟ್ಟಿರಿ ಎಂದರೂ ಬೇಡ. ಪ್ರತಿ ನಿರಾಕರಣೆಯ ಜತೆ ಒಂದು ಬದಲಿ ದಾರಿ ಹೇಳುವುದು ಮುಖ್ಯ: ರಾತ್ರಿ ಬಿಡಲಾರೆ, ಆದರೆ ನಾಳೆ ಇಡೀ ಮುಂಜಾನೆ ನಿಮ್ಮ ಜತೆ ಬರುತ್ತೇನೆ. ಗ್ರಾಸ್‌ಮನ್ ಮತ್ತು ಮಿಲ್‌ಗ್ರೋಮ್‌ರ ಲೆಕ್ಕದಲ್ಲಿ ಗಿರಾಕಿಯನ್ನು ಹೆದರಿಸುವುದು ಬರಿಯ ಮೌನ. ಕಾರಣ ಹೇಳಿ ಇನ್ನೊಂದು ಬಾಗಿಲು ತೆರೆದವನ ಬಗ್ಗೆ ಅವನು ಹಾಗೆ ಎಣಿಸಬೇಕಾಗಿಲ್ಲ.

ಓಡಿಸಿ ನೋಡಲು ಕೊಡುವ ಮುನ್ನ ಲೈಸೆನ್ಸ್ ಕೇಳಿ ನೋಡಬೇಕು, ಇದರಲ್ಲಿ ಸಂಕೋಚ ಬೇಡ. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಡುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 5ನೇ ಕಲಂ ಮಾಲೀಕನಿಗೇ ನಿಷೇಧಿಸುತ್ತದೆ. ವಿಮೆ ಚಾಲ್ತಿಯಲ್ಲಿರಲಿ, ನೀವು ಪಕ್ಕದ ಸೀಟಿನಲ್ಲಿರಿ.

ತಪಾಸಣೆಗೆ ಒಪ್ಪುವುದರಲ್ಲಿ ಮಾಲೀಕನ ರಕ್ಷಣೆಯೂ ಇದೆ, ಇದು ಹಲವರಿಗೆ ಹೊಳೆಯುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 19ನೇ ಕಲಮಿನ ಪ್ರಕಾರ, ಮಾರುವವನ ತಪ್ಪು ಮಾಹಿತಿಯಿಂದಲೋ ವಂಚನೆಯೆನಿಸುವ ಮೌನದಿಂದಲೋ ವ್ಯವಹಾರವಾಗಿದ್ದರೂ, ಸಾಮಾನ್ಯ ಎಚ್ಚರಿಕೆಯಿಂದ ನಿಜ ತಿಳಿಯುವ ಅವಕಾಶ ಕೊಳ್ಳುವವನಿಗೆ ಇದ್ದಲ್ಲಿ, ಆಮೇಲೆ ಆ ಕಾರಣ ಹೇಳಿ ಕರಾರು ರದ್ದು ಮಾಡಿಸಲಾಗದು. ಬೇಕೆಂದೇ ಮುಚ್ಚಿಟ್ಟ ದೋಷಕ್ಕೆ ಈ ರಕ್ಷಣೆ ಇಲ್ಲ. ಆದ್ದರಿಂದ ಸಂಚಕಾರ ತೆಗೆದುಕೊಳ್ಳುವಾಗ ಬರೆಯುವ ಚೀಟಿಯಲ್ಲೇ ಎರಡು ಸಾಲು ಸೇರಿಸಬೇಕು: ಇಂಥ ದಿನ, ಇಂಥ ಮಿಸ್ತ್ರಿಯೊಂದಿಗೆ ತಣ್ಣಗೂ ಬಿಸಿಯಾಗಿಯೂ ನೋಡಿದ್ದಾರೆ, ಈ ಈ ದೋಷಗಳನ್ನು ನಾನು ಹೇಳಿದ್ದೇನೆ. ಇಬ್ಬರ ಸಹಿ.

ಮಿಸ್ತ್ರಿ ಒಪ್ಪಿ, ಬೆಲೆ ಕುದುರಿ, ಗಾಡಿ ಮನೆ ಬಿಡುವಾಗ ಆ ಚೀಟಿಯ ಮೇಲೆ ತಾರೀಖಿನ ಜತೆ ಗಂಟೆಯನ್ನೂ ಬರೆಯಿರಿ. ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಮಾಡಿ ಕೊಟ್ಟು ಸುಮ್ಮನಾಗಬೇಡಿ. ನಮ್ಮ ಜಿಲ್ಲೆಯ ಕೆಎ-36ರ ಗಾಡಿ ರಾಜ್ಯದೊಳಗೇ ಮಾರಾಟವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸುವ ಹೊಣೆ ಮಾರಿದವನದು. ಆಂಧ್ರಕ್ಕೋ ತೆಲಂಗಾಣಕ್ಕೋ ಹೋಗುವುದಾದರೆ 45 ದಿನ, ಎನ್‌ಒಸಿಯೂ ಬೇಕು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಪಘಾತವಾದ ದಿನ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ. ಫಾಸ್ಟ್ಯಾಗನ್ನೂ ಅದೇ ದಿನ ಬ್ಯಾಂಕಿಗೆ ಹೇಳಿ ನಿಲ್ಲಿಸಿ. ಇಲ್ಲವಾದರೆ ಹೊಸ ಮಾಲೀಕ ದಾಟುವ ಪ್ರತಿ ಟೋಲಿನ ದುಡ್ಡೂ ನಿಮ್ಮ ಖಾತೆಯಿಂದಲೇ ಹೋಗುತ್ತದೆ.